ಯೋಚನೆ ಹೊರಗೆ ಕೇಳ್ಬೇಕು

ಸುಳ್ಯದ ನಮ್ಮ ಕಾಲೇಜಿನಲ್ಲಿ ಲ್ಯಾಬ್ ಮೇಡಂಗೆ ಹೆದರದವರು ಯಾರೂ ಇರಲಿಲ್ಲ. ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನಕ್ಕೆ ನಮ್ಮನ್ನು ತಯಾರು ಮಾಡುತ್ತಿದ್ದವರು ಅವರೇ. ಕಂಪ್ಯೂಟರ್ ಮುಟ್ಟಲು ಬಿಡದೆ, ಕೈಗೆ ಚಾಕ್‌ಪೀಸ್ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದರು. ಬೆನ್ನ ಹಿಂದೆ ಕೂತು, ನಾವು ಮೌನವಾದ ಕೂಡಲೇ ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದರು.

"ಉತ್ತರ ತಪ್ಪಾದ್ರೆ ತೊಂದರೆ ಇಲ್ಲ ಮಾರಾಯ್ರೆ, ಯೋಚನೆ ಮಾಡುದು ಹೊರಗೆ ಕೇಳ್ಬೇಕು. ಸುಮ್ಮನೆ ನಿಂತ್ರೆ ಅಲ್ಲಿಗೆ ಮುಗೀತು."

ಡಸ್ಟರಿನ ಸದ್ದಿಗೆ ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಾ ಬರೆಯುತ್ತಿದ್ದೆ.

ಒಂದು ಸಂಜೆ ನನ್ನೊಬ್ಬನನ್ನೇ ನಿಲ್ಲಿಸಿಕೊಂಡರು. "ನಾಳೆ ನನಗೇ ಇಂಟರ್‌ವ್ಯೂ ಉಂಟು. ಯಾರಿಗೂ ಹೇಳ್ಬೇಡ. ಸ್ವಲ್ಪ ನನ್ನ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳ್ತೀಯಾ?"

ಅವರು ಮೊದಲ ದಿನ ನಮಗೆ ಕೊಟ್ಟಿದ್ದ ಪ್ರಶ್ನೆಯನ್ನೇ ಕೇಳಿದೆ: ಪಟ್ಟಿಯಲ್ಲಿ ಎರಡು ಸಲ ಬಂದ ಸಂಖ್ಯೆಯನ್ನು ಹುಡುಕುವುದು. ಒಂದು ಸಾಲು ಬರೆದರು, ಒರೆಸಿದರು, ಹಾಗೆಯೇ ನಿಂತರು. ಕೈಯಲ್ಲಿದ್ದ ಚಾಕ್‌ಪೀಸ್ ಬೋರ್ಡಿಗೆ ತಾಗಿ ಟಕಟಕ ಎನ್ನುತ್ತಿತ್ತು. ಡಸ್ಟರ್ ನನ್ನ ಹತ್ತಿರವೇ ಇತ್ತು, ಕುಟ್ಟುವ ಧೈರ್ಯ ಬರಲಿಲ್ಲ.

"ಮೇಡಂ, ಯೋಚನೆ ಹೊರಗೆ ಕೇಳ್ಬೇಕು," ಎಂದೆ ಮೆಲ್ಲನೆ.

ಅವರು ತಿರುಗಲಿಲ್ಲ. "ಒಳಗೆ ಯೋಚನೆಯೇ ಇಲ್ಲ ಮಾರಾಯ. ಇಷ್ಟು ಹೊತ್ತು ನಿನಗೆ ಟಕಟಕ ಅಂತ ಕೇಳಿದ್ದು ಹೆದರಿಕೆ."