ಸೈಡ್‌ಕಾರ್ ಎತ್ತುತ್ತಿದ್ದ ಕಾಕಾ

ಕಾಕಾರ ಬಲಗೈಯ ನಡುಬೆರಳು ಮತ್ತು ಉಂಗುರಬೆರಳು ಮಡಚುತ್ತಿರಲಿಲ್ಲ. ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುವಾಗ ಆ ಎರಡೂ ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿರುತ್ತಿದ್ದವು, ಎದುರಿಗೆ ಕೂತವರನ್ನು ತೋರಿಸುವಂತೆ. ಎದುರಿಗೆ ಕೂತಿರುತ್ತಿದ್ದವನು ಹೆಚ್ಚಾಗಿ ನಾನೇ. ಉಗುರುಗಳು ಹುಣಸೆ ಬೀಜದ ಹಾಗೆ ಕಪ್ಪಗೆ, ದಪ್ಪಗೆ ಬೆಳೆದಿದ್ದವು. ಹೊಸಬರು ಯಾರಾದರೂ ಕೇಳಿದರೆ, ಗಾಡಿ ಎತ್ತುವಾಗ ಕಟ್ಟಿಗೆ ಜಾರಿತು ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಕಟ್ಟಿಗೆ ಜಾರಿರಲಿಲ್ಲ. ಅದನ್ನು ಬರೆಯಲಿಕ್ಕೆಂದೇ ಈಗ ಕೂತಿದ್ದೇನೆ. ಕೇಳಿಸಿಕೊಳ್ಳಬೇಕಾಗಿದ್ದವರು ಯಾರೂ ಉಳಿದಿಲ್ಲ.

ಅವರು ನನ್ನ ಬಳಗದವರಲ್ಲ. ಗೋಕಾಕದಲ್ಲಿ ಅವರ ಮನೆಯ ಬಾಜೂ ಖೋಲಿಯನ್ನು ನಾನು ಬಾಡಿಗೆಗೆ ಹಿಡಿದಿದ್ದೆ, ಅಷ್ಟೇ. ನಾನು ಮಸಗುಪ್ಪಿಯ ಕುರಿ ಕಾಯುವ ಮನೆತನದವನು. ಹೈಸ್ಕೂಲು ಮುಗಿಸಿ, ಒಂದಷ್ಟು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ನಿಂತಿದ್ದೆ. ಆಗತಾನೆ ಮದುವೆಯಾಗಿತ್ತು. ಕಾಕಾ ಪಾತ್ರೆ ಅಂಗಡಿ ಇಟ್ಟಿದ್ದರು. ಅವರ ಹೆಂಡತಿಯನ್ನು ಓಣಿಯವರೆಲ್ಲ ಕಾಕೂ ಎನ್ನುತ್ತಿದ್ದರು. ಕಾಕೂಗೆ ಚಿಕ್ಕ ವಯಸ್ಸಿಗೇ ಸಂದಿವಾತ ಹತ್ತಿ ಮೊಣಕಾಲು ಬಿಗಿದುಹೋಗಿದ್ದವು, ಕೈಬೆರಳು ಸೊಟ್ಟಗಾಗಿದ್ದವು. ನಡೆಯುವುದು ನಿಂತು ಬಹಳ ದಿನವಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲಾರದ ಹೆಂಡತಿಗಾಗಿ ಕಾಕಾ ಸಂಕೇಶ್ವರಕ್ಕೆ ಹೋಗಿ, ಎಡಬದಿಗೆ ಸೈಡ್‌ಕಾರ್ ಕೂಡಿಸಿದ್ದ ಹಳೆಯ ಮೋಟರ್ ಸೈಕಲ್ ಒಂದನ್ನು ಕೊಂಡು ತಂದಿದ್ದರು. ಓಣಿಯಲ್ಲಿ ಅದರ ಹೆಸರು ತೊಟ್ಟಿಲು ಗಾಡಿ. ವಾರದ ದಿನ ಆ ತೊಟ್ಟಿಲಲ್ಲಿ ಕೊಡ, ಪರಾತ, ತಪ್ಪೇಲಿ ಸದ್ದು ಮಾಡುತ್ತ ಹೋಗುತ್ತಿದ್ದವು. ರವಿವಾರ ಕಾಕೂ ಹೋಗುತ್ತಿದ್ದರು, ಸೆರಗು ಬಿಗಿಯಾಗಿ ಹೊದ್ದು, ಮಹಾರಾಣಿಯ ಹಾಗೆ.

ಬೆಳಿಗ್ಗೆ ಕಟ್ಟೆಯ ಮೇಲೆ ಕಾಕೂನ ತಲೆ ಬಾಚಿ ಹೆರಳು ಹಾಕುವುದು ಕಾಕಾರ ಕೆಲಸ. ಕಾಕೂನ ಬೆರಳಿಗೆ ಅದು ಆಗುತ್ತಿರಲಿಲ್ಲ. ಬಿಗಿಯಾಗಿ, ಒಂದು ಎಳೆಯೂ ಹೊರಗೆ ಬೀಳದಂತೆ ಹಾಕುವರು. ಹಾದುಹೋಗುವ ಗಂಡಸರು ಸುಮ್ಮನೆ ಹೋಗುತ್ತಿರಲಿಲ್ಲ.

“ಸಾವಕಾರ್ರ, ನಮಗೂ ಒಂದ ಹೆರಳ ಹಾಕ್ರೆಲಾ.”

“ಮದ್ಲ ಕೂದ್ಲಾ ಬೆಳಸ್ಕೊಂಡ ಬರ್ರಿ. ಬಯಲಾಗ ಏನ ಹೆಣೀಲಿ?”

ಕಾಕೂ ನಗುವಾಗ ತಲೆ ಅಲುಗುತ್ತಿತ್ತು, ಅದಕ್ಕೆ ಕಾಕಾ ಗದರುತ್ತಿದ್ದರು.

ಸೈಡ್‌ಕಾರ್ ಇರುವ ಗಾಡಿಯನ್ನು ಉಳಿದವುಗಳಂತೆ ಸ್ಟ್ಯಾಂಡಿಗೆ ಎಳೆಯಲು ಬರುವುದಿಲ್ಲ. ಬಾಜೂಕಿನ ತೂಕ ಹಿಡಿದುಕೊಳ್ಳುತ್ತದೆ. ಹಿಂದಿನ ಗಾಲಿ ಬಿಚ್ಚಬೇಕೆಂದರೆ ಇಡೀ ಜೋಡಿಯನ್ನೇ ನೆಲದಿಂದ ಎತ್ತಬೇಕು. ಮನೆಯ ಮಗ್ಗುಲಿನ ತಗಡಿನ ಚಪ್ಪರದಲ್ಲಿ ಕಾಕಾ ಅದನ್ನು ತಾವೇ ಮಾಡುತ್ತಿದ್ದರು, ಹಳ್ಳಿಯಲ್ಲಿ ಚಕ್ಕಡಿಯ ಗಾಲಿ ಬಿಚ್ಚುವ ರೀತಿಯಲ್ಲಿ. ಉಳಿದ ಎರಡು ಗಾಲಿಗಳು ಉರುಳದಂತೆ ಕಲ್ಲು ಕೊಡುವರು. ಒಡೆದ ಬೀಸುಕಲ್ಲಿನ ಮೇಲೆ ಉದ್ದನೆಯ ಜಾಲಿ ಕಟ್ಟಿಗೆ ಇಟ್ಟು, ಅದರ ಗಿಡ್ಡ ತುದಿಯನ್ನು ಗಾಡಿಯ ಚೌಕಟ್ಟಿನ ಕೆಳಗೆ ತೂರಿಸುವರು. ಉದ್ದ ತುದಿಯ ಮೇಲೆ ನಾನು ಕೂರಬೇಕು. ನಾನು ಕೂತರೆ ಗಾಡಿ ಏಳುತ್ತಿತ್ತು. ಆಗ ಕಾಕಾ ಕೆಳಗೆ ಬೇವಿನ ತುಂಡು ಸರಿಸಿ ನಿಲ್ಲಿಸುವರು. ಆಮೇಲೆ ಸೈಡ್‌ಕಾರಿನ ಕಡೆ ಹೋಗಿ ಅಷ್ಟೇ ಎತ್ತುವುದು. ಸ್ವಲ್ಪ ಇತ್ತ, ಸ್ವಲ್ಪ ಅತ್ತ. ಒಂದೇ ಕಡೆ ಎತ್ತಿದರೆ ಎರಡನ್ನೂ ಹಿಡಿದಿರುವ ಕಬ್ಬಿಣದ ಕಂಬಿಗಳು ಬಾಗಿಬಿಡುತ್ತವೆ.

“ಗಂಡನ್ನೊಬ್ಬನ್ನ ಎತ್ತಿದ್ರ ಹೆಂಡ್ತಿ ಸೊಂಟಾ ಮುರೀತೈತಿ, ತಿಳೀತ ತಮ್ಮಾ?” ಎಂದು ಕಾಕಾ ನನಗೆ ಹೇಳಿದರೆ, ಕಟ್ಟೆಯ ಮೇಲಿನ ಕುರ್ಚಿಯಿಂದ ಕಾಕೂ, “ನಂದ ಯಾವಾಗೋ ಮುರದೈತಿ. ನಿಮ್ಮದ ಜ್ವಾಕಿ ಮಾಡ್ಕೋರಿ” ಎನ್ನುವರು.

ಒಂದು ಜ್ಯಾಕ್ ತರಬಾರದೇ ಎಂದು ಒಮ್ಮೆ ಕೇಳಿದ್ದೆ. ಜ್ಯಾಕ್ ಮಾತಾಡುವುದಿಲ್ಲ, ನೀನಾದರೆ ಪೇಟೆಯ ಸುದ್ದಿ ಹೇಳುತ್ತೀ ಎಂದರು. ಕೆಲಸ ಮಾಡುವಷ್ಟು ಹೊತ್ತೂ ಅವರಿಗೆ ಮಾತು ಬೇಕು. ಆದರೆ ಗಾಡಿಯ ಕೆಳಗೆ ಕೈ ಹಾಕುವ ಮೊದಲು ಮಾತು ನಿಲ್ಲಿಸಿ, ನನ್ನ ಕಡೆ ನೋಡದೆ ಒಂದೇ ಕೇಳುವರು.

“ಕುಂತೀ?”

“ಕುಂತೇನ್ರಿ ಕಾಕಾ.”

ಅದನ್ನು ಕೇಳಿದ ಮೇಲೆಯೇ ಅವರ ಕೈ ಒಳಗೆ ಹೋಗುತ್ತಿತ್ತು. ಯಾರೇ ಬರಲಿ, ಮನೆಗೆ ಬೆಂಕಿಯೇ ಬೀಳಲಿ, ನಾನು ಹೇಳುವ ತನಕ ಏಳಬೇಡ ಎಂದು ಮೊದಲನೆಯ ದಿನವೇ ಹೇಳಿಕೊಟ್ಟಿದ್ದರು.

ಪಂಚಮಿಯ ಹಿಂದಿನ ದಿನ. ಕಾಕೂನ ತವರು ದಡ್ಡಿ. ಪಂಚಮಿಗೆ ಅವರು ತಪ್ಪದೆ ಹೋಗುತ್ತಿದ್ದರು. ಹುಕ್ಕೇರಿಯಲ್ಲಿ ಗಾಡಿ ನಿಲ್ಲಿಸಿದರೆ ಹೋಟೆಲಿನವನು ಚಹಾವನ್ನು ಸೈಡ್‌ಕಾರಿಗೇ ತಂದು ಕೊಡುತ್ತಾನೆ, ದಡ್ಡಿಯಲ್ಲಿ ಗೆಳತಿಯರೆಲ್ಲ ಜೋಕಾಲಿ ಬಿಟ್ಟು ತನ್ನ ತೊಟ್ಟಿಲ ಸುತ್ತ ನಿಲ್ಲುತ್ತಾರೆ ಎಂದು ವಾರದಿಂದ ನನ್ನ ಹೆಂಡತಿಗೆ ಹೇಳುತ್ತಿದ್ದರು. ಆ ವರ್ಷ ಅವರ ಅವ್ವ ಹಾಸಿಗೆ ಹಿಡಿದಿದ್ದಳು. ಮಗಳ ಕೈಯಿಂದ ಒಂದು ಉಂಡಿ ತಿನ್ನಬೇಕು ಎಂದು ಹೇಳಿ ಕಳಿಸಿದ್ದಳು. ಡಬ್ಬಿಯಲ್ಲಿ ಶೇಂಗಾ ಉಂಡಿ ಸಿದ್ಧವಾಗಿತ್ತು. ನನ್ನ ಹೆಂಡತಿ ತನ್ನ ತವರಿಗೆ ಹೋಗಿದ್ದಳು. ನಾನೂ ಕಾಕಾನೂ ಹಿಂದಿನ ಗಾಲಿ ಬಿಚ್ಚಿ ನೋಡೋಣವೆಂದು ಗಾಡಿ ಎತ್ತುತ್ತಿದ್ದೆವು.

ಕುಂತೀ ಎಂದರು. ಕುಂತೇನಿ ಎಂದೆ. ಕೈ ಹಾಕಿದರು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಚಪ್ಪಲಿಯ ಕಿರುಗುಟ್ಟುವ ಸದ್ದು ಕೇಳಿತು. ಅದು ನಮ್ಮಪ್ಪನ ಚಪ್ಪಲಿ. ದಪ್ಪ ತೊಗಲಿನ, ಹೆಜ್ಜೆಗೊಮ್ಮೆ ಕೂಗುವ ಜೋಡು. ಆ ಸದ್ದು ಅಂಗಳಕ್ಕೆ ಬಂದರೆ ನಾವು ಅಣ್ಣತಮ್ಮಂದಿರು ಉಣ್ಣುವ ತಾಟು ಬಿಟ್ಟು ಎದ್ದು ನಿಂತು ಬೆಳೆದವರು. ಮೂಡಲಗಿಯಿಂದ ಬಸ್ಸು ಹಿಡಿದು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಮಗನಿಗೆ ಹಬ್ಬದ ಉಂಡಿ ಕೊಡಲು ಬಂದಿದ್ದ. ಅದೆಲ್ಲ ನನಗೆ ತಿಳಿದದ್ದು ತಿರುಗಿ ನೋಡಿದ ಮೇಲೆ. ತಿರುಗುವ ಮೊದಲೇ ನಾನು ಎದ್ದು ನಿಂತಾಗಿತ್ತು.

ಕಾಕಾ ಕೂಗಲೂ ಇಲ್ಲ. ಉಸಿರು ಒಳಗೆಳೆದುಕೊಂಡ ಸದ್ದಷ್ಟೇ ಕೇಳಿತು. ಅಪ್ಪನೇ ಕಂಬಳಿ ಎಸೆದು ಓಡಿ ಗಾಡಿಗೆ ಹೆಗಲು ಕೊಟ್ಟ. ಕೈ ಹೊರಗೆ ಬಂದಾಗ ಆ ಬೆರಳುಗಳನ್ನು ನಾನು ನೋಡಲಾರದೆ ಹೋದೆ. ಇದು ಹೆಂಗಾತು ಎಂದು ಅಪ್ಪ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ, ಮಣ್ಣಲ್ಲಿ ಕೂತು ಕೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದ ಕಾಕಾ ಹೇಳಿದರು:

“ಕಟಗಿ ಜಾರಿತ್ರಿ ಯಜಮಾನ್ರ. ನಿಮ್ಮ ಹುಡುಗನ ತಪ್ಪೇನಿಲ್ಲ.”

ನಾನು ಹೌದು ಎಂದೆ. ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಕಾಕೂ ಎಲ್ಲವನ್ನೂ ನೋಡಿದ್ದರು. ಹಿರಿಯರು ಬಂದಾಗಲೆಲ್ಲ, ಏಳಲಾರೆನೆಂದು ನಾಚಿಕೊಂಡು ಕೂತಲ್ಲೇ ಕೈ ಮುಗಿಯುತ್ತಿದ್ದ ಹೆಂಗಸು. ಅವತ್ತು ಕೈ ಮುಗಿಯುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದರು.

ದಡ್ಡಿಗೆ ಹೋಗುವುದು ತಪ್ಪಿತು. ಬೇರೆ ಗಾಡಿ ಮಾಡಿಕೊಂಡು ಹೋಗಿ ಎಂದು ಕಾಕಾ ದವಾಖಾನೆಯಿಂದಲೇ ಹೇಳಿ ಕಳಿಸಿದರು. ಗಂಡನನ್ನು ಹಾಗೆ ಬಿಟ್ಟು ಹೋಗಲು ಕಾಕೂ ಒಪ್ಪಲಿಲ್ಲ. ಪಂಚಮಿ ಮುಗಿದ ವಾರದಲ್ಲಿ ಅವರ ಅವ್ವ ತೀರಿಕೊಂಡಳು. ಡಬ್ಬಿಯ ಉಂಡಿ ಡಬ್ಬಿಯಲ್ಲೇ ಇತ್ತು. ಸುದ್ದಿ ಹೇಳಲು ಬಂದ ಕಾಕೂನ ತಮ್ಮ ಸಿಟ್ಟಿನಿಂದ, ಈ ಹಾಳು ಕಟ್ಟಿಗೆ ಮನೆಯಲ್ಲಿ ಇರಬಾರದು ಎಂದ. ಅವನಿಗೆ ಕೊಡಲಿ ತಂದು ಕೊಟ್ಟವನು ನಾನು. ಜಾಲಿ ಗಟ್ಟಿಯಿತ್ತು, ಬೇಗ ಒಡೆಯಲಿಲ್ಲ. ಅವನು ಒಡೆದು ಮುಗಿಸುವ ತನಕ ನಿಂತು ನೋಡಿದೆ. ನನ್ನ ಬದುಕಿನಲ್ಲಿ ಅದಕ್ಕಿಂತ ಸಣ್ಣ ಮನುಷ್ಯನಾಗಿ ನಾನು ಬೇರೆಲ್ಲೂ ನಿಂತಿಲ್ಲ.

ಗಾಯ ಮಾಗಿದ ಮೇಲೆ ಕಾಕಾ ಮತ್ತೆ ಗಾಡಿ ಹೊಡೆದರು. ಆದರೆ ಹೆರಳು ಬರಲಿಲ್ಲ. ಎಳೆಗಳು ಆ ಎರಡು ಬೆರಳಿನ ನಡುವೆ ನಿಲ್ಲದೆ ಜಾರುತ್ತಿದ್ದವು. ಕೆಲವು ದಿನ ಪ್ರಯತ್ನಪಟ್ಟರು. ಆಮೇಲೆ ಕಾಕೂ ಕೂದಲು ಕತ್ತರಿಸಿಕೊಂಡರು. ಬೇಸಿಗೆಗೆ ತಂಪಾಗುತ್ತದೆ ಎಂದು ನನ್ನ ಹೆಂಡತಿಗೆ ಹೇಳಿದರಂತೆ.

ಮುಂದೆ ಒಂದು ದಿನ ಚಪ್ಪರದಲ್ಲಿ ಹೊಸ ಕಟ್ಟಿಗೆ ಕಂಡಿತು. ಕಾಕಾ ನನ್ನ ಬಾಗಿಲಿಗೆ ಬಂದು ಕೂರಲು ಕರೆದರು. ಬೇರೆ ಯಾರನ್ನಾದರೂ ಕೂರಿಸಿ ಎಂದು ಬೇಡಿಕೊಂಡೆ. ಅವರು ಬೀಡಿ ಹಚ್ಚಿದರು.

“ಒಮ್ಮಿ ಎದ್ದಾವ ಮತ್ತ ಏಳೂದಿಲ್ಲ. ಹೊಸಬನ್ನ ಎಲ್ಲಿ ಹುಡಕ್ಲಿ? ಬಾ.”

ಗೊತ್ತಿತ್ತು ಅವರಿಗೆ. ಅಪ್ಪನ ಮುಂದೆ ನನ್ನ ತಲೆ ತಗ್ಗಬಾರದೆಂದು ಆ ಸುಳ್ಳನ್ನು ತಮ್ಮ ಮೈಮೇಲೆ ಹೊತ್ತುಕೊಂಡಿದ್ದರು. ಹೋಗಿ ಕೂತೆ. ಕುಂತೀ ಎಂದು ಕೇಳಿದರು. ನನಗೆ ದನಿ ಹೊರಡಲಿಲ್ಲ. ಹೊರಡುವ ತನಕ ಕಾದರು.

ಕಾಕೂ ತೀರಿಕೊಂಡು ಬಹಳ ವರ್ಷಗಳಾದವು. ನಾನೇ ಎದ್ದದ್ದು ಎಂದು ಅವರಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನೋಡಿದವರಿಗೆ ಏನು ಹೇಳುವುದು ಎಂದು ನೆಪ ಮಾಡಿಕೊಂಡೆ. ಈಗಲೂ ಪಂಚಮಿ ಹತ್ತಿರ ಬಂದರೆ ಆ ಕಟ್ಟೆ, ಆ ಹೆರಳು, ಕಾಕೂನ ನಗು ಕಣ್ಣಿಗೆ ಕಟ್ಟುತ್ತವೆ. ಒಂದು ಸಲ, ಒಂದೇ ಒಂದು ಸಲ ಆ ಮಧ್ಯಾಹ್ನ ಮರಳಿ ಬರಲಿ, ಅಪ್ಪನ ಚಪ್ಪಲಿ ಕೂಗುತ್ತಲೇ ಇರಲಿ, ನಾನು ಕಲ್ಲಿನಂತೆ ಕೂತಿರುತ್ತೇನೆ ಎನ್ನಿಸುತ್ತದೆ.

ಕಾಕಾ ಸೈಡ್‌ಕಾರನ್ನು ಬಿಚ್ಚಿಸಲಿಲ್ಲ. ಖಾಲಿ ತೊಟ್ಟಿಲು ಯಾಕೆ ಎಂದು ಜನ ಕೇಳಿದರೆ, ಒಂಟಿ ಗಾಡಿ ಹೊಡೆಯುವ ರೂಢಿ ತಪ್ಪಿದೆ ಎನ್ನುತ್ತಿದ್ದರು. ಗಾಡಿ ಹೊಡೆಯುವುದು ನಿಂತ ಮೇಲೂ ಅದನ್ನು ಎತ್ತಿ ಗಾಲಿ ತಿರುಗಿಸಿ ನೋಡುತ್ತಿದ್ದೆವು, ಇಬ್ಬರು ಮುದುಕರು.

ಹೋದ ವರ್ಷ ಕಾಕಾ ತೀರಿಕೊಂಡರು. ಅವರ ಮನೆತನದ ಪದ್ಧತಿಯಂತೆ ದೇಹವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ವಾಲದಂತೆ, ಮೈ ಬಾಗದಂತೆ ಒಬ್ಬರು ಹಿಡಿದುಕೊಂಡು ಕೂರಬೇಕಿತ್ತು. ನಾನು ಕೂತೆ. ಹೆಗಲಿಗೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ಆ ಎರಡು ಬೆರಳು ಹಿಡಿದುಕೊಂಡಿದ್ದೆ. ಮಧ್ಯಾಹ್ನ ಮಠದ ಸ್ವಾಮಿಗಳಾದ ಅಜ್ಜಾರು ಬಂದರು. ಹೊಸ್ತಿಲಲ್ಲಿ ಅವರ ಪಾದುಕೆ ಸದ್ದು ಮಾಡಿತು. ಮನೆ ತುಂಬ ಕೂತಿದ್ದವರೆಲ್ಲ ಒಮ್ಮೆಲೇ ಎದ್ದು ನಿಂತರು. ನನ್ನ ಮೊಣಕಾಲೂ ತಾನಾಗಿಯೇ ಅಲುಗಿತು. ಏಳ್ರಿ, ಅಜ್ಜಾರು ಬಂದಾರ ಎಂದು ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು.

ನಾನು ಕಾಕಾರ ಕಿವಿಯ ಹತ್ತಿರ ಬಾಗಿದೆ.

“ಕುಂತೇನ್ರಿ ಕಾಕಾ.”