ಕಾವಿನ ಮಾವನ ಪೆನ್ಸಿಲ್

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ನಮ್ಮ ಕೇಂದ್ರದಲ್ಲಿ ಅವರ ನಿಜವಾದ ಹೆಸರು ಇದ್ದದ್ದು ಸಂಬಳದ ಚೀಟಿಯಲ್ಲಿ ಮಾತ್ರ. ಎಲ್ಲರಿಗೂ ಅವರು ಕಾವಿನ ಮಾವ. ಇಪ್ಪತ್ತೊಂಬತ್ತು ವರ್ಷ ಕಾವಿನ ಯಂತ್ರಗಳ ನಡುವೆಯೇ ಓಡಾಡಿದವರು. ಯಂತ್ರದ ಮುಳ್ಳು ಏನೇ ತೋರಿಸಲಿ, ಒಂದು ಮೊಟ್ಟೆ ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಬಿಸಿ ನೋಡದೆ ಅವರಿಗೆ ಸಮಾಧಾನವಿಲ್ಲ. ನಾನೂ ಒಮ್ಮೆ ಹಾಗೆ ಒತ್ತಿಕೊಂಡೆ. ಮೊಟ್ಟೆ ಒಡೆಯಿತು. ಅಂದಿನಿಂದ ನಾನು ಆಮ್ಲೆಟ್.

ಮಾವನ ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್. ಮೊಟ್ಟೆ ಬಂದ ಕೂಡಲೇ ಪ್ರತಿ ತಟ್ಟೆಯ ಚೀಟಿಯ ಮೇಲೆ ತಾರೀಖು ಬರೆಯುವರು. ವಯಸ್ಸಾದ ಕೋಳಿಗಳದ್ದಾದರೆ ಕೆಳಗೊಂದು ಅಡ್ಡಗೆರೆ. ಅವರ ಬಾಯಲ್ಲಿ ಅವು ಅಜ್ಜಿಯರ ಮೊಟ್ಟೆ.

"ನೋಡೋ ಆಮ್ಲೆಟ್, ಹರೆಯದ ಕೋಳಿ ಮೊಟ್ಟೆ ಸಣ್ಣದು, ಚಿಪ್ಪು ಗಟ್ಟಿ. ಕಾವಿಗಿಡೋ ಮುಂಚೆ ತಣ್ಣನೆ ಕೋಣೇಲಿ ಒಂದು ವಾರ ಇದ್ರೂ ಜಗ್ಗಲ್ಲ. ಅಜ್ಜೀದು ದಪ್ಪ, ಆದ್ರೆ ಚಿಪ್ಪು ತೆಳು, ಒಳಗಿನ ಬಿಳಿ ನೀರು ನೀರು. ಮೊದ್ಲೇ ಮರಿ ಕಡಿಮೆ. ತಡ ಮಾಡಿದ್ರೆ ಅದೂ ಇಲ್ಲ."

"ಅಜ್ಜಿಯರ ಮೇಲೆ ಯಾಕೆ ಮಾವ ಅಷ್ಟು ಪ್ರೀತಿ?"

"ನನ್ನ ವಯಸ್ಸಿಗೆ ಇನ್ಯಾರು ಸಿಗ್ತಾರೋ!"

ಮಗಳ ಹೆರಿಗೆಗೆಂದು ಹತ್ತು ದಿನ ರಜೆ ಹಾಕಿದಾಗ ಪೆನ್ಸಿಲನ್ನು ನನ್ನ ಕಿವಿಗೆ ಸಿಕ್ಕಿಸಿದರು. "ಅಡ್ಡಗೆರೆಯವು ಮೊದ್ಲು ಯಂತ್ರಕ್ಕೆ. ಮರೀಬೇಡ."

ನಾನು ಮರೆಯಲಿಲ್ಲ, ಮೈಗಳ್ಳತನ ಮಾಡಿದೆ. ಅಜ್ಜಿಯರ ತಟ್ಟೆಗಳು ತಣ್ಣನೆ ಕೋಣೆಯ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದವು. ಬಾಗಿಲ ಬಳಿಯಿದ್ದ ಹರೆಯದವನ್ನೇ ದಿನಾ ಎಳೆದು ಯಂತ್ರ ತುಂಬಿದೆ. ಮಾವ ಮರಳುವ ಹಿಂದಿನ ದಿನ ನೋಡಿದರೆ ಅಜ್ಜಿಯರು ಒಂಬತ್ತು ದಿನದಿಂದ ಅಲ್ಲೇ ಇದ್ದಾರೆ. ಚೀಟಿಗಳನ್ನು ಕಿತ್ತು, ಅದೇ ಪೆನ್ಸಿಲ್‌ನಿಂದ ಹೊಸ ತಾರೀಖು ಬರೆದು, ಅಡ್ಡಗೆರೆಯನ್ನೂ ನೀಟಾಗಿ ಎಳೆದೆ. ನನ್ನ ಅಕ್ಷರ ಅಷ್ಟು ಚೆನ್ನಾಗಿ ಬಂದದ್ದು ಅದೊಂದೇ ಸಲ.

ಮಾವ ಚೀಟಿಯನ್ನು ನಂಬಿ ಮೊಟ್ಟೆಗಳನ್ನು ಕಾವಿಗಿಟ್ಟರು. ಇಪ್ಪತ್ತೊಂದನೆಯ ದಿನ, ನೂರಕ್ಕೆ ಎಪ್ಪತ್ತು ಮರಿ ಬರಬೇಕಾದಲ್ಲಿ ಬಂದದ್ದು ನಲವತ್ತು.

"ಕಣ್ಣಿಗೆ ಒತ್ಕೊಂಡು ಯಂತ್ರ ನಡೆಸೋ ಕಾಲ ಹೋಯ್ತು ಯಜಮಾನ್ರೇ," ಎಂದರು ಮ್ಯಾನೇಜರ್. "ಈ ತಿಂಗಳಿಗೆ ಕೆಲಸ ಸಾಕು ಮಾಡಿ. ಮನೇಲಿ ಮೊಮ್ಮಗಳನ್ನ ಆಡಿಸಿ."

ಮಾವ ಮರಿಯಾಗದೆ ಉಳಿದ ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ನೋಡುತ್ತ ಕೂತರು. ಹೆಚ್ಚಿನವುಗಳಲ್ಲಿ ಭ್ರೂಣ ಕಾವಿಗಿಟ್ಟ ಮೊದಲ ಎರಡು ಮೂರು ದಿನದಲ್ಲೇ ಸತ್ತಿತ್ತು.

"ಇವು ಕೋಣೇಲೇ ಹಳೇದಾದ ಹಾಗಿದೆ ಕಣೋ. ತಾರೀಖು ಸರಿಯಾಗಿ ಬರ್ದಿದ್ಯಾ?"

"ಬರ್ದಿದ್ದೆ ಮಾವ."

ಮಾವ ತಮ್ಮ ಅಂಗೈಯನ್ನೇ ನೋಡಿಕೊಂಡರು. "ಹಾಗಿದ್ರೆ ನನ್ನ ಕೈಯೇ ಹಳೇದಾಯ್ತು ಬಿಡು."

ತಿಂಗಳ ಕೊನೆಗೆ ಹೋದರು. ಪೆನ್ಸಿಲ್ ಕೇಳಲಿಲ್ಲ. ಅವರ ಕೆಲಸ ನನಗೇ ಸಿಕ್ಕಿತು.

ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕರು, ಕಂಕುಳಲ್ಲಿ ಮೊಮ್ಮಗಳು. ಕ್ಷೇಮ ಸಮಾಚಾರಕ್ಕೂ ಮುಂಚೆ ಕೇಳಿದ್ದು, "ಅಜ್ಜಿಯರನ್ನ ಕಾಯಿಸ್ತಿಲ್ಲ ತಾನೇ?"

"ಇಲ್ಲ ಮಾವ. ಬಂದ ದಿನಾನೇ ಇಡ್ತೀನಿ."

"ಒಳ್ಳೇ ಕೆಲಸಗಾರ ಆದೆ ಬಿಡು."

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು. ಓಡಿ ಹತ್ತಿದೆ.

ಅದು ನಮ್ಮ ಕಡೆ ಹೋಗುವ ಬಸ್ಸಾಗಿರಲಿಲ್ಲ.