ಪತ್ತಾರರ ಅಂಗಡಿಯಲ್ಲಿ ಉಳಿದ ಕಲ್ಲು

ಮೌನಪ್ಪ ಪತ್ತಾರರು ಯಾವ ಹರಳನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು. ಗಾಜು ಬೇಗ ಬೆಚ್ಚಗಾಗುತ್ತದೆ, ಕಲ್ಲು ತಂಪು ಬಿಡುವುದಿಲ್ಲ ಎನ್ನುವುದು ಅವರ ಲೆಕ್ಕ. ಆ ಹೊತ್ತಿನಲ್ಲಿ ಅವರ ಕಣ್ಣು ಹರಳು ತಂದವರ ಮುಖದ ಮೇಲಿರುತ್ತಿತ್ತು. ಹರಳು ಪಾಸಾದರೂ ತಂದವರು ಅಷ್ಟು ಸುಲಭಕ್ಕೆ ಪಾಸಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ದಾಂಡೇಲಿಯ ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ ಇತ್ತು. ಬೆಳ್ಳಿಯ ಉಂಗುರ, ಓಲೆ, ಪದಕ ಮಾಡಿ ಅವಕ್ಕೆ ಹರಳು ಕೂಡಿಸುವುದು ಅವರ ಕೆಲಸ. ಕುಳಿತ ಕೂಡಲೇ ಅಂಗಿಯ ತೋಳು ಮಡಚಿ, ಎರಡೂ ಅಂಗೈಗಳನ್ನು ಗಿರಾಕಿಯ ಮುಂದೆ ತೆರೆದು, "ಏನೂ ಇಲ್ಲ, ನೋಡ್ಕೋರಿ" ಎನ್ನುತ್ತಿದ್ದರು. ಕೆಲಸ ಮುಗಿಯುವ ತನಕ ಹರಳಿನ ಒಡೆಯರು ಎದುರಿಗೇ ಕೂಡಬೇಕು. ಕೂಡಿಸುವ ಮುಂಚೆ ಹರಳಿನ ಬೆನ್ನಿಗೆ ಸೂಜಿಯಿಂದ ತಮ್ಮ ಗುರುತು ಗೀಚಬೇಕು. ಸಂಜೆ ಕಾಗದದ ಮಿಲ್ಲಿನ ಭೋಂಗಾ ಕೂಗಿತೆಂದರೆ, ಕೆಲಸ ಅರ್ಧವಿದ್ದರೂ ಹರಳು ಒಡೆಯರ ಜೊತೆ ಮನೆಗೆ ಹೋಗಬೇಕು. ಯಾರ ಕಲ್ಲೂ ಆ ಅಂಗಡಿಯಲ್ಲಿ ರಾತ್ರಿ ಉಳಿಯುವಂತಿರಲಿಲ್ಲ. ಹಿಂದೆ ಹಳಿಯಾಳದಲ್ಲಿ ಅವರ ತಂದೆಯ ಮೇಲೆ ಹರಳು ಬದಲಿಸಿದ ಅಪವಾದ ಬಂದು, ಮನೆಮಂದಿಯೆಲ್ಲ ಊರು ಬಿಟ್ಟಿದ್ದರಂತೆ. "ಇನ್ನೊಮ್ಮೆ ಗಂಟುಮೂಟಿ ಕಟ್ಟೂದು ನನ್ನ ಕೈಲೆ ಆಗೂದಿಲ್ರಿ" ಎನ್ನುತ್ತಿದ್ದರು.

ಇಂಥವರ ಎದುರಿಗೆ ನಮ್ಮವ್ವ ಹೋಗಿ ಕುಳಿತಳು. ಅವ್ವ, ಕಾಯಿಪಲ್ಯದವಳ ತಕ್ಕಡಿಯನ್ನು ಮೊದಲು ಖಾಲಿಯಾಗಿ ಎತ್ತಿಸಿ ನೋಡುವ ಹೆಂಗಸು. ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನಿಂದ ಆಕಾಶದ ಬಣ್ಣದ ಫಿರೋಜಾ ಕಲ್ಲು ತಂದಿದ್ದಳು. ಬಂಗೂರನಗರದ ನಮ್ಮ ಮಿಲ್ಲಿನ ಕ್ವಾರ್ಟರ್ಸಿನಿಂದ ನಾನೂ ಅವಳ ಬೆನ್ನಿಗೆ ಹೋಗಿದ್ದೆ.

ಪತ್ತಾರರು ಕರಗುವ ಬೆಳ್ಳಿಗೆ ನಮ್ಮೆದುರೇ ಒಂದು ಚೂರು ತಾಮ್ರ ಹಾಕಿದರು. ಅವ್ವ ಎದ್ದು ನಿಂತಳು.

"ತಾಮ್ರ ನಮ್ಮ ಮನ್ಯಾಗ ಒಂದು ಹಂಡೆ ಐತ್ರಿ. ನಾ ಬೆಳ್ಳಿ ಉಂಗುರಕ್ಕ ಬಂದೇನಿ."

"ಬರೇ ಬೆಳ್ಳಿ ಬೆಣ್ಣಿ ಇದ್ದಂಗ, ಅಕ್ಕಾರ. ಕಲ್ಲು ಹಿಡಿಯೂದಿಲ್ಲ. ಕಳವು ಮಾಡಾಂವ ನಿಮ್ಮ ಮುಂದ ಹಾಕ್ತಾನೇನು?"

"ಮುಂದ ಹಾಕಿದ್ರ ನಂಬ್ತಾರಂತ ಹಾಕಿರಬೇಕು."

ಪತ್ತಾರರು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅವ್ವ ಕಲ್ಲಿನ ಬೆನ್ನಿಗೆ ಎರಡು ಗೀಟು ಎಳೆದಳು. ಸೂಜಿ ಜಾರಿ ಒಂದು ಸೊಟ್ಟಾಯಿತು. ಉಂಗುರ ಮುಗಿಯುವವರೆಗೆ ಇಬ್ಬರೂ ಒಬ್ಬರ ಕೈಯನ್ನೊಬ್ಬರು ಕಾಯುತ್ತ ಕುಳಿತರು. ಕೊಡುವಾಗ ಪತ್ತಾರರು, "ಎಣ್ಣಿ ಮುಟ್ಟಿಸಬ್ಯಾಡ್ರಿ, ಈ ಕಲ್ಲು ಕುಡೀತೈತಿ" ಎಂದರು.

ಅವ್ವ ಅದನ್ನು ತೊಟ್ಟುಕೊಂಡೇ ನಮ್ಮ ತಲೆಗೆ ಎಣ್ಣೆ ತಿಕ್ಕಿದಳು. ಒಂದೆರಡು ವರ್ಷಗಳಲ್ಲಿ ನೀಲಿ ಕಲ್ಲು ಹಸಿರಾಯಿತು. ಪಕ್ಕದ ಮನೆಯಾಕೆ, "ಪತ್ತಾರ ಬದಲಿ ಮಾಡ್ಯಾನ, ತಗೋ" ಎಂದದ್ದೇ ಸಾಕಾಯಿತು. ಸಂಜೆ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೋದಳು.

"ನನ್ನ ನೀಲಿ ಕಲ್ಲು ಎಲ್ಲಿ ಇಟ್ಟೀರಿ?"

ಅಲ್ಲಿದ್ದ ಇಬ್ಬರು ಗಿರಾಕಿಗಳು ತಮ್ಮ ಹರಳುಗಳನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಪತ್ತಾರರು ಅದನ್ನು ನೋಡಿದರು. ತೋಳು ಮಡಚಿ, ಅಂಗೈ ತೋರಿಸಿ, ಕಲ್ಲನ್ನು ಕಚ್ಚಿದ್ದ ಉಂಗುರದ ಹಿಡಿಗಳನ್ನು ಒಂದೊಂದಾಗಿ ಎಬ್ಬಿಸಿ ಕಲ್ಲನ್ನು ಬೋರಲು ಹಾಕಿದರು. ಎರಡು ಗೀಟು, ಒಂದು ಸೊಟ್ಟ.

ಅವ್ವ ಆ ಸೊಟ್ಟ ಗೀಟಿನ ಮೇಲೆ ಉಗುರು ಆಡಿಸಿದಳು. ಪತ್ತಾರರು ಕಲ್ಲನ್ನೂ ಬಾಯಿ ತೆರೆದ ಉಂಗುರವನ್ನೂ ಅವಳ ಕಡೆ ಸರಿಸಿದರು. "ಇನ್ನ ಬ್ಯಾರೇದವರ ಕಡೆ ಕೂಡಿಸ್ಕೋರಿ."

ಭೋಂಗಾ ಕೂಗಿತು. ಅವ್ವ ಎರಡನ್ನೂ ಅಲ್ಲೇ ಬಿಟ್ಟು ಮೆಟ್ಟಿಲು ಇಳಿದಳು.

"ಅಕ್ಕಾರ, ಕಲ್ಲು ಒಯ್ರಿ."

"ಇರ್ಲಿ ಬಿಡ್ರಿ."

"ಭೋಂಗಾ ಆತು. ಇಲ್ಲಿ ಇಡೂದಿಲ್ಲ ನಾ."

"ನಾ ಇಟ್ಟೇನಿ, ಇರ್ಲಿ" ಎಂದಳು ಅವ್ವ, ತಿರುಗಿ ನೋಡದೆ. ಆ ಗಿರಾಕಿಗಳೂ ಕೇಳಲಿ ಎಂಬಷ್ಟು ಗಟ್ಟಿಯಾಗಿ.

ಮರುದಿನ ನಮ್ಮ ಚಹಾ ಕುದಿಯುವ ಮುಂಚೆಯೇ ಪತ್ತಾರರು ಬಾಗಿಲಲ್ಲಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಉಂಗುರ ಸರಿಯಾಗಿತ್ತು. "ಇಂಥಾ ತ್ರಾಸು ಇನ್ನೊಮ್ಮೆ ಕೊಡಬ್ಯಾಡ್ರಿ" ಎಂದು, ಚಹಾ ಕುಡಿದು ಹೋದರು.

ಮುಂದೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ಕಡೆಯ ಸಲ ಸಿಕ್ಕದ್ದು ಹಳಿಯಾಳದ ಬಸ್‌ ಸ್ಟ್ಯಾಂಡಿನಲ್ಲಿ. ಅವ್ವನ ದನಿಯಿಂದಲೇ ಗುರುತು ಹಿಡಿದು ಕೈ ಚಾಚಿದರು. ಅವ್ವ ಉಂಗುರ ಕಳಚಿ ಕೊಟ್ಟಳು. ಅವರು ಅದನ್ನು ನಾಲಿಗೆಗೆ ಮುಟ್ಟಿಸಿದರು, ಮುಖ ಅವಳತ್ತಲೇ ಇತ್ತು.

"ಯಾಕ್ರೀ, ನಾ ಕಲ್ಲು ಬದಲಿ ಮಾಡೇನಂತ ಅನುಮಾನ ಏನು?"

"ನೋಡಿದ್ರ ಛಲೋ ಅಲ್ಲೇನ್ರಿ, ಅಕ್ಕಾರ?"

ಉಂಗುರವನ್ನು ಅಂಗಿಯ ಅಂಚಿಗೆ ಒರೆಸಿ ತಿರುಗಿ ಕೊಟ್ಟರು. ಆಮೇಲೆ ಎರಡೂ ಅಂಗೈಗಳನ್ನು ನಮ್ಮ ಮುಂದೆ ತೆರೆದು ತೋರಿಸಿ ಬಸ್ಸು ಹತ್ತಿದರು.